ಗ್ರೀನ್ ಕಾರ್ಡಿನವನೊಬ್ಬ ಹಳೇ ಪಂಪ್ ಕೋವಿ ಕೊಂಡ ಕಥೆ

ಕೊನೆಗೂ ಹೋದ ವಾರ ಕೋವಿ ಮನೆಗೆ ಬಂತು. ವಿಂಚೆಸ್ಟರ್ ಮಾಡೆಲ್ 12, ಮುಂದಿನ ಮರದ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಕೋವಿ. ನಮ್ಮ ಕಡೆ 12 ಬೋರ್ ಅನ್ನುತ್ತೇವಲ್ಲ, ಇಲ್ಲಿ 12 ಗೇಜ್, ಅದು. 30 ಇಂಚಿನ ನಳಿಗೆ, 1940ರ ದಶಕದ ಕೊನೆಯ ಹೊತ್ತಿಗೆ ತಯಾರಾದದ್ದು. ನಾನಿರುವುದು ಅಮೆರಿಕದ ಒಹಾಯೋದಲ್ಲಿ, ಇನ್ನೂ ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಮೇಲಿದ್ದೇನೆ. ನನ್ನ ಹಾಗೇ ಇರುವವರು ಯಾರಾದರೂ ಕೊಂಡಿದ್ದಾರಾ, ಏನೇನು ತಾಪತ್ರಯ ಬರುತ್ತದೆ ಅಂತ ಕೇಳಿದರೆ ಪರಿಚಯದವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ನಿನಗೆ ಕೊಡೋದೇ ಇಲ್ಲ ಅಂದರು, ಇನ್ನೊಬ್ಬರು ಅರ್ಧ ಗಂಟೆ ಕೆಲಸ ಅಂದರು. ಎರಡೂ ಸುಳ್ಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಒಹಾಯೋದ ಮಾತು. ಇಲ್ಲಿ ಉದ್ದ ಕೋವಿಗೆ ರಾಜ್ಯದ ಲೈಸೆನ್ಸ್ ಬೇಕಾಗಿಲ್ಲ. ನ್ಯೂಜೆರ್ಸಿಯಲ್ಲಿದ್ದರೆ ಮೊದಲು ಪೊಲೀಸರ ಹತ್ತಿರ ಗುರುತಿನ ಚೀಟಿ ಮಾಡಿಸಬೇಕು, ಇಲಿನಾಯ್‌ನಲ್ಲಿ ಫಾಯ್ಡ್ ಅನ್ನುವ ಕೋವಿ ಮಾಲೀಕರ ಗುರುತಿನ ಕಾರ್ಡ್ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಕೋವಿಗೆ ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು. ನಿಮ್ಮ ರಾಜ್ಯದ ನಿಯಮ ನೀವೇ ನೋಡಿಕೊಳ್ಳಿ.

ಊರಲ್ಲಿ ಅಪ್ಪಯ್ಯನ ಹತ್ತಿರ ಒಂದು ಜೋಡು ನಳಿಗೆ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು. ಮಲೆನಾಡಿನವರಿಗೆ ಇದು ಹೊಸದಲ್ಲ. ಚುನಾವಣೆ ಬಂತು ಅಂದರೆ ಠಾಣೆಗೆ ಒಯ್ದು ಇಟ್ಟು ರಸೀದಿ ತರುವುದು, ಮುಗಿದ ಮೇಲೆ ಹೋಗಿ ಬಿಡಿಸಿಕೊಳ್ಳುವುದು, ಅಷ್ಟರೊಳಗೆ ಹಂದಿಗಳು ಗದ್ದೆ ಉತ್ತು ಹಾಕಿರುತ್ತವೆ. ನಾನು ಫೋನಿನಲ್ಲಿ "ಇಲ್ಲಿ ಲೈಸೆನ್ಸ್ ಇಲ್ಲ ಅಪ್ಪಯ್ಯಾ, ಒಂದು ಫಾರ್ಮ್ ತುಂಬಿದರೆ ಆಯ್ತು" ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಎಂಥ ಮಾರಾಯ, ಹಾಗೆಲ್ಲಾ ಕೋವಿ ಕೊಡ್ತಾರಾ? ಸರಿಯಾಗಿ ಕೇಳಿಕೋ" ಅಂದರು. ಅವರ ಅನುಮಾನ ಪೂರ್ತಿ ತಪ್ಪೇನೂ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನನಗೆ ಬೇಟೆಯ ಹುಚ್ಚಿಲ್ಲ. ಆಫೀಸಿನವರೊಬ್ಬರ ಜೊತೆ ಟ್ರ್ಯಾಪ್ ಕ್ಲಬ್ಬಿಗೆ ಹೋಗಲು ಶುರು ಮಾಡಿದ್ದೆ. ಮಣ್ಣಿನ ಬಿಲ್ಲೆಗಳನ್ನು ಯಂತ್ರ ಹಾರಿಸುತ್ತದೆ, ನಾವು ಹೊಡೆಯಬೇಕು, ಒಂದು ಸುತ್ತಿಗೆ 25 ಬಿಲ್ಲೆ. ಒಹಾಯೋದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಟ್ರ್ಯಾಪ್ ಶೂಟಿಂಗಿನ ದೊಡ್ಡ ರಾಷ್ಟ್ರೀಯ ಪಂದ್ಯ ಇಲಿನಾಯ್‌ನ ಸ್ಪಾರ್ಟಾಕ್ಕೆ ಹೋಗುವ ಮುಂಚೆ ಬಹಳ ವರ್ಷ ಡೇಟನ್ ಪಕ್ಕದ ವ್ಯಾಂಡೇಲಿಯಾದಲ್ಲೇ ನಡೆಯುತ್ತಿತ್ತು. ಹಾಗಾಗಿ ಕ್ಲಬ್ಬಿನ ಹಿರಿಯರ ಕೈಯಲ್ಲಿ ಹಳೇ ಕೋವಿಗಳು ಜಾಸ್ತಿ. ಅವರಲ್ಲೊಬ್ಬರು ತಮ್ಮ ಮಾಡೆಲ್ 12 ಕೊಟ್ಟು ಹೊಡೆದು ನೋಡು ಅಂದರು. ಮುಂದಿನ ಮರ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಒಳಗೆ ಒಂದೂ ತರಕಲು ಇಲ್ಲ. ಅಂಗಡಿಯ ಹೊಸ ಪಂಪ್ ಕೋವಿಗಳಲ್ಲಿ ಆ ಗಲಗಲ ಇರುತ್ತದಲ್ಲ, ಅದು ಇಲ್ಲವೇ ಇಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಯಾಕೆ ಹಾಗೆ ಅಂತ ಓದಿಕೊಂಡೆ. ಜಾನ್ ಬ್ರೌನಿಂಗ್ ಮಾಡಿದ ಮಾಡೆಲ್ 1897ರಲ್ಲಿ ಕುದುರೆ, ಅಂದರೆ ಈಡು ಸಿಡಿಸುವ ಹ್ಯಾಮರ್, ಹೊರಗೇ ಕಾಣುತ್ತದೆ. ಅದರ ಮೇಲಿಂದ ವಿಂಚೆಸ್ಟರ್ ಕಂಪನಿಯ ಟಿ.ಸಿ. ಜಾನ್ಸನ್ ಕುದುರೆಯನ್ನು ಒಳಗೆ ಮುಚ್ಚಿ ಹೊಸದು ಮಾಡಿದರು. 1912ರಲ್ಲಿ ಬಂತು, ಮೊದಲು 20 ಗೇಜ್ ಮಾತ್ರ, ಆಮೇಲೆ 12 ಮತ್ತು 16. ಉಕ್ಕಿನ ಗಟ್ಟಿಯನ್ನು ಕೊರೆದು, ಕಡೆದು, ಕೈಯಲ್ಲಿ ಕೂರಿಸಿ ಮಾಡಿದ ಭಾಗಗಳು. ಹತ್ತಿರ ಹತ್ತಿರ 20 ಲಕ್ಷ ಮಾಡಿದರು. ಕೂಲಿ ಏರಿತು, 1950ರಲ್ಲಿ ರೆಮಿಂಗ್ಟನ್ 870 ಬಂದು ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮಾಡಿತು. 1960ರ ದಶಕದ ಮೊದಲ ಭಾಗದಲ್ಲಿ ವಿಂಚೆಸ್ಟರ್ ಇದರ ಮಾಮೂಲಿ ಉತ್ಪಾದನೆಯನ್ನೇ ನಿಲ್ಲಿಸಿತು. 20 ಲಕ್ಷ ಇದೆ ಅಂದ ಮೇಲೆ ಅಪರೂಪದ ವಸ್ತುವೇನಲ್ಲ ಅನ್ನುವುದು ನೆನಪಿರಲಿ. ಮಾರುವವರು ಎಲ್ಲರೂ "ರೇರ್" ಅಂತಲೇ ಹೇಳುತ್ತಾರೆ.

ಮೊದಲು ಹೋದದ್ದು ಗನ್ ಶೋಗೆ. ದೊಡ್ಡ ಹಾಲ್, ಸಾಲು ಸಾಲು ಮೇಜು, ಒಂದು ಕಡೆ ಬೀಫ್ ಜರ್ಕಿ, ಇನ್ನೊಂದು ಕಡೆ ಹಳೇ ನಾಣ್ಯ, ನಡುವೆ ಕೋವಿಗಳು. ಒಂದು ಮೇಜಿನ ಮೇಲೆ ಮಾಡೆಲ್ 97, ಅಂದರೆ ಅದೇ 1897, ಇತ್ತು, ನಳಿಗೆ ಗಿಡ್ಡ, ಮೇಲೆ ತೂತು ತೂತಿನ ತಗಡು, "ಮೊದಲನೇ ಮಹಾಯುದ್ಧದ ಟ್ರೆಂಚ್ ಗನ್" ಅಂತ ಬೋರ್ಡು, 2,800 ಡಾಲರ್ ಬೆಲೆ. ಈ ಕೋವಿಗಳ ಕಥೆ ನಿಜ. ಅಮೆರಿಕದ ಸೈನಿಕರು ಕಂದಕಗಳಲ್ಲಿ ಇದನ್ನು ಬಳಸಿದ್ದಕ್ಕೆ ಜರ್ಮನಿ 1918ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಪ್ರತಿಭಟನೆಯನ್ನೇ ಸಲ್ಲಿಸಿತ್ತು. ಆದರೆ ಕಥೆ ನಿಜ ಅಂದ ಮಾತ್ರಕ್ಕೆ ಮೇಜಿನ ಮೇಲಿರುವುದು ನಿಜ ಅಲ್ಲವಲ್ಲ. ನನ್ನ ಜೊತೆ ಬಂದಿದ್ದ ಕ್ಲಬ್ಬಿನ ಹಿರಿಯರು ಸುಮ್ನೆ ಒಂದು ಸಲ ತಿರುಗಿಸಿ ನೋಡಿ ವಾಪಸ್ ಇಟ್ಟರು. ಹೊರಗೆ ಬಂದ ಮೇಲೆ ಹೇಳಿದರು: ಸೈನ್ಯದ ಮುದ್ರೆ ಇಲ್ಲ, ನಳಿಗೆಯ ತುದಿ ಗರಗಸದ್ದು, ತಗಡು ಈಗಿನದು. ಯಾವುದೋ ಬಾತುಕೋಳಿ ಬೇಟೆಯ ಉದ್ದ ಕೋವಿಯನ್ನು ಕತ್ತರಿಸಿ ವೇಷ ಹಾಕಿದ್ದಾರೆ ಅಂತ. ಟ್ರೆಂಚ್ ಗನ್ ಅಂತ ಯಾರಾದರೂ ಹೇಳಿದರೆ, ಗೊತ್ತಿರುವವರು ಜೊತೆಗಿಲ್ಲದೆ ಮುಟ್ಟಬೇಡಿ. ಹಳೇ ಪಂಪ್ ಕೋವಿಗಳಲ್ಲಿ ಮೋಸ ಜಾಸ್ತಿ ಇರುವುದು ಅಲ್ಲೇ.

ಗನ್ ಶೋದಲ್ಲಿ ಕೊಳ್ಳಲಿಲ್ಲ. ಆದರೆ ಕಲಿತದ್ದು ಬಹಳ. ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುವ ಹಾಗೆ, ಮಾಡೆಲ್ 12ಕ್ಕೂ ನೋಡುವ ಜಾಗಗಳು ಇವೆ.

ಎಲ್ಲಕ್ಕಿಂತ ಮೊದಲು ನಂಬರ್. ಈ ಕೋವಿಯನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡಬಹುದು. ಸೀರಿಯಲ್ ನಂಬರ್ ಎರಡು ಕಡೆ ಇರುತ್ತದೆ. ಯಂತ್ರ ಇರುವ ಹಿಂದಿನ ಉಕ್ಕಿನ ಪೆಟ್ಟಿಗೆಯ ಅಡಿಯಲ್ಲಿ ಒಂದು, ನಳಿಗೆಯ ಕಡೆಯ ತುಂಡಿನಲ್ಲಿ ಅದರ ಎದುರಿಗೇ ಇನ್ನೊಂದು. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಯಾರೋ ಎರಡು ಕೋವಿ ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಹೊಡೆಯಲು ಬರಬಹುದು, ಆದರೆ ಸಂಗ್ರಹದ ಬೆಲೆ ಅಲ್ಲಿಗೆ ಹೋಯಿತು.

ಆಮೇಲೆ ಬಣ್ಣ. ಉಕ್ಕಿನ ಮೇಲಿನ ಆ ಕಪ್ಪು ನೀಲಿ ಹೊಳಪಿಗೆ ಬ್ಲೂಯಿಂಗ್ ಅನ್ನುತ್ತಾರೆ. 75 ವರ್ಷ ಹಳೆಯ ಕೋವಿ ಫಳಫಳ ಹೊಳೆಯುತ್ತಿದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ. ಹೊಸದಾಗಿ ಬ್ಲೂ ಮಾಡುವ ಮುಂಚೆ ಉಕ್ಕನ್ನು ಉಜ್ಜುತ್ತಾರೆ. ಉಜ್ಜಿದರೆ ಚೂಪಾದ ಅಂಚುಗಳು ಉರುಟಾಗುತ್ತವೆ, ಸ್ಕ್ರೂ ತೂತಿನ ಸುತ್ತ ಸಣ್ಣ ತಗ್ಗು ಬೀಳುತ್ತದೆ, ನಳಿಗೆಯ ಮೇಲಿನ ಅಕ್ಷರಗಳು ಮಸುಕಾಗುತ್ತವೆ. ವಿಂಚೆಸ್ಟರಿನ ಪರೀಕ್ಷೆ ಮುದ್ರೆ, ಒಂದು ಮೊಟ್ಟೆಯಾಕಾರದ ಒಳಗೆ ಡಬ್ಲ್ಯು ಮತ್ತು ಪಿ, ನಳಿಗೆಯ ಮೇಲೂ ಪೆಟ್ಟಿಗೆಯ ಮೇಲೂ ಇರುತ್ತದೆ. ಅದು ಎಷ್ಟು ಸ್ಪಷ್ಟವಾಗಿದೆ ನೋಡಿ. ಕೈ ಹಿಡಿದು ಹಿಡಿದು ಬಣ್ಣ ಸವೆದು ಬೆಳ್ಳಗಾದ ಕೋವಿಗೆ, ಚೆಂದ ಮಾಡಿಸಿದ ಕೋವಿಗಿಂತ ಜಾಸ್ತಿ ಬೆಲೆ. ನಮ್ಮವರಿಗೆ ಇದು ತಲೆಗೆ ಹೋಗುವುದಿಲ್ಲ. ನನ್ನ ಹೆಂಡತಿಗೆ ಇವತ್ತಿಗೂ ಹೋಗಿಲ್ಲ. "ಪಾಲಿಶ್ ಮಾಡಿಸಿದ್ದು ಕಡಿಮೆಗೆ ಸಿಗುತ್ತೆ ಅಂದ್ರೆ ಅದನ್ನೇ ತಗೋಬೇಕಿತ್ತು ಅಲ್ವಾ ರೀ?" ಅಂತಾಳೆ. ಬರೀ ಹೊಡೆಯಲಿಕ್ಕೆ ಅಂದರೆ ಅವಳ ಮಾತೇ ಸರಿ, ನಿಜ ಹೇಳಬೇಕೆಂದರೆ.

ಮರದ ಹಿಡಿ ಇನ್ನೊಂದು. ಎಷ್ಟೋ ಜನ ಹಿಂದಿನ ಮರ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿಸಿರುತ್ತಾರೆ. ಬೆರಳಲ್ಲಿ ಒತ್ತುವ ಟ್ರಿಗರಿನಿಂದ ಹಿಂದಿನ ತುದಿಗೆ ಮೂಲದಲ್ಲಿ ಸುಮಾರು 14 ಇಂಚು ಇರುತ್ತದೆ. ಟೇಪ್ ಹಿಡಿದು ನೋಡಿ. ಮರ ಉಕ್ಕಿಗೆ ಸೇರುವ ಕಡೆ ಕೂದಲೆಳೆಯ ಬಿರುಕು ಇರುತ್ತದೆ, ಎಣ್ಣೆ ಇಳಿದು ಕಪ್ಪಾಗಿರುತ್ತದೆ, ಟಾರ್ಚ್ ಹಾಕಿ ನೋಡಬೇಕು.

ನಳಿಗೆಯ ಉದ್ದ ಮತ್ತು ಚೋಕ್ ಒಟ್ಟಿಗೆ ನೋಡಬೇಕು. ಚೋಕ್ ಅಂದರೆ ನಳಿಗೆಯ ತುದಿಯ ಬಿಗಿತ, ಚರೆ ಎಷ್ಟು ಚದುರಬೇಕು ಅನ್ನುವುದು ಅದರ ಮೇಲೆ. ಕೋವಿ ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಮುಚ್ಚಿ, ತುದಿಯಿಂದ ಒಂದು ಮರದ ಕಡ್ಡಿ ಇಳಿಸಿ ಅಳೆಯುತ್ತಾರೆ. 26, 28, 30 ಹೀಗೆ ಬರಬೇಕು. 27 ಮುಕ್ಕಾಲು ಬಂದರೆ ಯಾರೋ ಕತ್ತರಿಸಿದ್ದಾರೆ. ನಳಿಗೆಯ ಮೇಲೆ "ಫುಲ್" ಅಂದರೆ ತೀರಾ ಬಿಗಿ ಅಂತ ಬರೆದಿದ್ದು, 12 ಗೇಜಿನ ತುದಿಯಲ್ಲಿ ಹತ್ತು ಸೆಂಟಿನ ಡೈಮ್ ನಾಣ್ಯ ಸಲೀಸಾಗಿ ಒಳಗೆ ಹೋದರೆ ಅದು ಫುಲ್ ಅಲ್ಲ. ಒರಟು ಪರೀಕ್ಷೆ, ಆದರೆ ಜೇಬಿನಲ್ಲೇ ಇರುತ್ತದೆ. ಹಾಗೇ ತುದಿಯಲ್ಲಿ ಪಾಲಿ ಚೋಕ್ ಅನ್ನುವ ಗಡ್ಡೆ ಕೂರಿಸಿದ್ದರೆ ಮೂಲ ನಳಿಗೆ ಹೋಯಿತು ಅಂತಲೇ ಲೆಕ್ಕ, ಬೆಲೆ ಇಳಿಸಿ ಮಾತಾಡಿ.

16 ಗೇಜ್ ಮತ್ತು 20 ಗೇಜ್ ಹುಡುಕುವವರಿಗೆ ಒಂದು ಮಾತು, ಇದು ಬೆಲೆಯ ವಿಷಯವಲ್ಲ, ಕೈ ಕಣ್ಣಿನ ವಿಷಯ. ಶುರುವಿನ ವರ್ಷಗಳ 16 ಗೇಜಿನಲ್ಲಿ ತೋಟಾ ಕೂರುವ ಕೋಣೆ 2 9/16 ಇಂಚು, 20 ಗೇಜಿನಲ್ಲಿ ಎರಡೂವರೆ ಇಂಚು ಮಾತ್ರ. ಈಗ ಅಂಗಡಿಯಲ್ಲಿ ಸಿಗುವುದು 2 ಮುಕ್ಕಾಲು ಇಂಚಿನದು. ಒಳಗೆ ಕೂರುತ್ತದೆ, ಹೊಡೆದಾಗ ತೋಟಾದ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಳತೆ ಮಾಡಿಸದೆ ಹೊಡೆಯಬೇಡಿ.

ಬೆಲೆ ಕಟ್ಟುವುದು ಹೇಗೆ ಅಂತ ನನಗೆ ಬಹಳ ಗೊಂದಲ ಇತ್ತು. ಬೆಲೆಯ ಗೈಡ್ ಪುಸ್ತಕಗಳಿವೆ, ಮೂಲ ಬಣ್ಣ ಶೇಕಡಾ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಬೆಲೆ ಕೊಡುತ್ತವೆ. ಆದರೆ ನನ್ನ ಕಣ್ಣಿಗೆ ಶೇಕಡಾ 80 ಕಂಡದ್ದು ಕ್ಲಬ್ಬಿನ ಹಿರಿಯರಿಗೆ 60 ಕಂಡಿತು. ಇನ್ನು ಮಾರುವವರು ಹಾಕುವ ಬೆಲೆ ನೋಡಿದರೆ ತಲೆ ತಿರುಗುತ್ತದೆ, ಅದು ಅವರ ಆಸೆ ಅಷ್ಟೇ. ನನಗೆ ಕೆಲಸಕ್ಕೆ ಬಂದದ್ದು ಆನ್‌ಲೈನ್ ಹರಾಜಿನಲ್ಲಿ ಮುಗಿದ ವ್ಯಾಪಾರಗಳ ಪಟ್ಟಿ. ಯಾರು ಎಷ್ಟು ಕೇಳಿದರು ಅನ್ನುವುದಲ್ಲ, ಯಾರು ಎಷ್ಟು ಕೊಟ್ಟರು ಅನ್ನುವುದು. ಒಂದಿಷ್ಟು ದಿನ ರಾತ್ರಿ ಊಟ ಆದ ಮೇಲೆ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡೆ. ಗೇಜ್, ನಳಿಗೆಯ ಉದ್ದ, ಮೇಲೆ ರಿಬ್ (ಗುರಿ ಹಿಡಿಯಲು ನಳಿಗೆಯುದ್ದಕ್ಕೂ ಇರುವ ಪಟ್ಟಿ) ಇದೆಯೋ ಇಲ್ಲವೋ, ನಂಬರ್ ಒಂದೇ ಇದೆಯಾ, ಮರ ಕತ್ತರಿಸಿದ್ದಾರಾ, ಕೊನೆಗೆ ಎಷ್ಟಕ್ಕೆ ಹೋಯಿತು. ಆಗ ಚಿತ್ರ ಸಿಕ್ಕಿತು. ರಿಬ್ ಇಲ್ಲದ ಸಾದಾ 12 ಗೇಜ್, ಪರವಾಗಿಲ್ಲ ಅನ್ನುವ ಸ್ಥಿತಿಯಲ್ಲಿರುವುದು, ನಾನು ನೋಡಿದ ಹೊತ್ತಿಗೆ 400ರಿಂದ 600 ಡಾಲರ್ ಒಳಗೆ ಹೋಗುತ್ತಿತ್ತು. ಕಾರ್ಖಾನೆಯದೇ ರಿಬ್ ಇದ್ದರೆ ಜಾಸ್ತಿ. 28 ಗೇಜ್ ಕೇಳಲೇಬೇಡಿ, ಅದು 1934ರಿಂದ ಮಾಡಿದ್ದು, ಮಾಡಿದ್ದೇ ಕಡಿಮೆ, ಸಾದಾ ಕೋವಿಯ ಎಷ್ಟೋ ಪಟ್ಟು. ಪಿಜನ್ ಗ್ರೇಡ್ ಅಂತ ಪಾರಿವಾಳದ ಚಿತ್ರ ಕೆತ್ತಿದ್ದು ಕಂಡರೂ ಹುಷಾರು. ಪಾರಿವಾಳವನ್ನು ಆಮೇಲೆ ಯಾರು ಬೇಕಾದರೂ ಕೆತ್ತಬಹುದು. ವಿಂಚೆಸ್ಟರಿನ ಹಳೇ ದಾಖಲೆಗಳು ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂನಲ್ಲಿವೆ, ದುಡ್ಡು ಕೊಟ್ಟರೆ ಪತ್ರ ಕೊಡುತ್ತಾರೆ. ಆದರೆ ಎಲ್ಲಾ ನಂಬರಿಗೂ ದಾಖಲೆ ಇರುವುದಿಲ್ಲ, ಮೊದಲು ಕೇಳಿ. ನನ್ನಂಥ ಸಾದಾ ಕೋವಿಗೆ ಅದು ದಂಡ.

ಕೊನೆಗೆ ಪೆನ್ಸಿಲ್ವೇನಿಯಾದ ಒಬ್ಬರು ಹರಾಜಿಗೆ ಹಾಕಿದ್ದ ಕೋವಿ ಸಿಕ್ಕಿತು. ಚಿತ್ರಗಳು ಚೆನ್ನಾಗಿದ್ದವು, ಎರಡು ನಂಬರಿನ ಚಿತ್ರ ಕೇಳಿದೆ, ಅದೇ ದಿನ ಕಳಿಸಿದರು. ಇದು ನನಗೆ ಒಳ್ಳೆಯ ಗುರುತು. ಚಿತ್ರ ಕೇಳಿದರೆ ಸಿಡಿಮಿಡಿ ಮಾಡುವವರ ಹತ್ತಿರ ಕೊಳ್ಳಬಾರದು. 460 ಡಾಲರಿಗೆ ನನಗೆ ಬಂತು.

ಇಲ್ಲಿಂದ ಕಾಗದದ ಕೆಲಸ. ಬೇರೆ ರಾಜ್ಯದಿಂದ ಕೋವಿ ನೇರ ಮನೆಗೆ ಬರುವ ಹಾಗಿಲ್ಲ. ನಿಮ್ಮ ಊರಿನ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬರಬೇಕು. ಅವರು ತಮ್ಮ ಲೈಸೆನ್ಸಿನ ಪ್ರತಿ ಮಾರುವವರಿಗೆ ಕಳಿಸಬೇಕು. ಮೊದಲು ಕೇಳಿದ ಅಂಗಡಿಯವರು ಆಗಲ್ಲ ಅಂದರು, ಖಾಸಗಿ ಜನ ಕಳಿಸಿದ ಕೋವಿ ತೆಗೆದುಕೊಳ್ಳುವುದಿಲ್ಲವಂತೆ, ಡೀಲರಿಂದ ಡೀಲರಿಗೆ ಬಂದರೆ ಮಾತ್ರ. ಕಾನೂನಿನಲ್ಲಿ ಹಾಗೇನಿಲ್ಲ, ಅದು ಅಂಗಡಿಯ ನಿಯಮ. ಹಾಗಾಗಿ ಹರಾಜಿನಲ್ಲಿ ಕೂಗುವ ಮುಂಚೆಯೇ ಡೀಲರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಖಾಸಗಿಯವರಿಂದ ತೆಗೆದುಕೊಳ್ಳುತ್ತೀರಾ, ನಿಮ್ಮ ಫೀ ಎಷ್ಟು. ನನಗೆ ಸಿಕ್ಕ ಎರಡನೆಯವರು 30 ಡಾಲರ್ ತೆಗೆದುಕೊಂಡರು, 75 ಕೇಳಿದವರೂ ಇದ್ದಾರೆ.

ಕೋವಿ ಬಂತು ಅಂತ ಡೀಲರ್ ಫೋನ್ ಮಾಡಿದಾಗ ನಾನು ಟಾರ್ಚು, ಟೇಪು, ಕಡ್ಡಿ ಎಲ್ಲಾ ಹಿಡಿದುಕೊಂಡು ಹೋದೆ. ಇದನ್ನು ದಯವಿಟ್ಟು ನೆನಪಿಡಿ. ಫಾರ್ಮಿಗೆ ಸಹಿ ಹಾಕುವ ಮುಂಚೆ ಕೌಂಟರಿನಲ್ಲೇ ಪೂರ್ತಿ ಪರೀಕ್ಷೆ ಮಾಡಿ. ಬಹಳ ಜನ ಮಾರುವವರು ಮೂರು ದಿನದೊಳಗೆ ವಾಪಸ್ ಮಾಡಬಹುದು ಅಂತ ಕೊಡುತ್ತಾರೆ, ಆದರೆ ಗುಂಡು ಹೊಡೆದಿರಬಾರದು. ನಿಮ್ಮ ಹೆಸರಿಗೆ ಬರೆಯುವ ಮುಂಚೆ ಬೇಡ ಅಂದರೆ ಡೀಲರ್ ಪ್ಯಾಕ್ ಮಾಡಿ ವಾಪಸ್ ಕಳಿಸುತ್ತಾರೆ. ಹೆಸರಿಗೆ ಬಂದ ಮೇಲೆ ವಾಪಸ್ ಮಾಡುವುದು ದೊಡ್ಡ ತಲೆನೋವು. ಡೀಲರ್ ಸ್ವಲ್ಪ ಮುಖ ಸಿಂಡರಿಸಿದರು, ಹಿಂದೆ ಜನ ನಿಂತಿದ್ದರು, ಇರಲಿ ಅಂತ ನಾನು ನಿಧಾನವಾಗಿಯೇ ನೋಡಿದೆ.

ನಂತರ ಫಾರ್ಮ್ 4473. ಇದು ಕೇಂದ್ರ ಸರ್ಕಾರದ ಫಾರ್ಮು, ಎಲ್ಲಾ ರಾಜ್ಯದಲ್ಲೂ ಒಂದೇ. ಹೆಸರಿನ ಹತ್ತಿರವೇ ನಮ್ಮವರಿಗೆ ತೊಡಕು ಶುರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ರೀತಿ. ಫಾರ್ಮು ಪೂರ್ತಿ ಮಧ್ಯದ ಹೆಸರು ಕೇಳುತ್ತದೆ. ನಿಮ್ಮ ಹೆಸರಿನಲ್ಲಿ ನಿಜವಾಗಿಯೂ ಬರೀ ಅಕ್ಷರ ಇದ್ದರೆ ಅಕ್ಷರ ಬರೆದು ಪಕ್ಕದಲ್ಲಿ ಐಓ (ಇನಿಷಿಯಲ್ ಓನ್ಲಿ) ಅಂತ ಬರೆಯಬೇಕು, ಮಧ್ಯದ ಹೆಸರೇ ಇಲ್ಲದಿದ್ದರೆ ನೋ ಮಿಡ್ಲ್ ನೇಮ್ ಅನ್ನಲು ಎನ್‌ಎಂಎನ್ ಅಂತ. ಇದು ಫಾರ್ಮಿನ ಸೂಚನೆಯಲ್ಲೇ ಇದೆ, ಆದರೆ ಕೌಂಟರಿನಲ್ಲಿ ನಿಂತವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಗ್ರೀನ್ ಕಾರ್ಡಿನಲ್ಲಿರುವ ಹೆಸರಿನ ಹಾಗೇ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅರ್ಧ ತಾಪತ್ರಯ ಕಡಿಮೆ. ಮನೆ ಬದಲಾಯಿಸಿದವರು ಇನ್ನೊಂದು ನೋಡಿಕೊಳ್ಳಿ. ಲೈಸೆನ್ಸಿನಲ್ಲಿ ಈಗಿನ ವಿಳಾಸ ಇರಬೇಕು. ಇಲ್ಲದಿದ್ದರೆ ಈಗಿನ ವಿಳಾಸ ಇರುವ ಸರ್ಕಾರದ ಬೇರೆ ಕಾಗದ, ಗಾಡಿಯ ರಿಜಿಸ್ಟ್ರೇಷನ್ ತರಹದ್ದು, ಜೊತೆಗೆ ಬೇಕು. ಖಾಸಗಿ ಕಂಪನಿಯ ಕರೆಂಟ್ ಬಿಲ್ ನಡೆಯುವುದಿಲ್ಲ.

ಪೌರತ್ವದ ಜಾಗದಲ್ಲಿ ಭಾರತ ಅಂತ ಬರೆದು, ಗ್ರೀನ್ ಕಾರ್ಡಿನ ಎ ನಂಬರ್ ಹಾಕಬೇಕು. ಕಾರ್ಡನ್ನೇ ಒಯ್ಯಿರಿ. ಎಚ್1ಬಿ, ಎಫ್1 ತರಹದ ವೀಸಾದವರಿಗೆ ಕೋವಿ ಕೊಳ್ಳಲು ನಿಷೇಧ ಇದೆ. ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ನಿಜ, ಆದರೆ ವೀಸಾದ ಮೇಲಿರುವವರು ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ. ಸಣ್ಣ ತಪ್ಪಾದರೂ ಹೋಗುವುದು ಕೋವಿಯಲ್ಲ, ಇಲ್ಲಿನ ಬದುಕು. ಇನ್ನೊಂದು, "ನಿಮಗೆ ಗ್ರೀನ್ ಕಾರ್ಡ್ ಇದೆಯಲ್ಲ, ನಿಮ್ಮ ಹೆಸರಲ್ಲಿ ನನಗೊಂದು ತೆಗೆದುಕೊಡಿ" ಅಂತ ಗೆಳೆಯರು ಕೇಳಿದರೆ ಕೈ ಮುಗಿದು ಇಲ್ಲ ಅನ್ನಿ. ಫಾರ್ಮಿನ ಪ್ರಶ್ನೆಗಳು ಶುರುವಾಗುವುದೇ ನಿಜವಾದ ಕೊಳ್ಳುವವರು ನೀವೇನಾ ಅಂತ. ಸುಳ್ಳು ಹೇಳಿದರೆ ಜೈಲು. ಗಾಂಜಾದ ಪ್ರಶ್ನೆಯೂ ಇದೆ. ಒಹಾಯೋದಲ್ಲಿ 2023ರಲ್ಲಿ ಜನ ಮತ ಹಾಕಿ ಕಾನೂನುಬದ್ಧ ಮಾಡಿದ್ದಾರೆ, ಆದರೆ ರಾಜ್ಯ ಏನೇ ಹೇಳಲಿ ಕೇಂದ್ರದ ಕಾನೂನಿನಲ್ಲಿ ತಪ್ಪು ಅಂತ ಫಾರ್ಮಿನಲ್ಲೇ ಎಚ್ಚರಿಕೆ ಅಚ್ಚು ಹಾಕಿದ್ದಾರೆ.

ಎಲ್ಲಾ ತುಂಬಿ ಕೊಟ್ಟೆ. ಡೀಲರ್ ಕಂಪ್ಯೂಟರಿನಲ್ಲಿ ಹಾಕಿದರು. ಎಫ್‌ಬಿಐನ ನಿಕ್ಸ್ ಅನ್ನುವ ವ್ಯವಸ್ಥೆ ಹಿನ್ನೆಲೆ ನೋಡಿ ಉತ್ತರ ಕೊಡುತ್ತದೆ. ಪ್ರೊಸೀಡ್, ಡಿಲೇಡ್, ಡಿನೈಡ್, ಮೂರರಲ್ಲಿ ಒಂದು. ನನ್ನ ಮುಂದಿದ್ದ ಹುಡುಗನಿಗೆ ಎರಡು ನಿಮಿಷದಲ್ಲಿ ಪ್ರೊಸೀಡ್ ಬಂತು, ಕೋವಿ ಹೆಗಲಿಗೆ ಹಾಕಿಕೊಂಡು ಹೋದ. ನಾನು ಕಾದೆ. ಗೋಡೆಯ ಮೇಲಿನ ಜಿಂಕೆ ತಲೆಗಳನ್ನು ಎಣಿಸಿದೆ. ಆಮೇಲೆ ಡೀಲರ್ ಜೋರಾಗಿ, ಇಡೀ ಅಂಗಡಿಗೆ ಕೇಳುವ ಹಾಗೆ, "ಸರ್, ನಿಮ್ಮದು ಡಿಲೇಡ್" ಅಂದರು. ಎಲ್ಲರೂ ತಿರುಗಿ ನೋಡಿದರು. ಏನೂ ತಪ್ಪು ಮಾಡಿಲ್ಲ, ಒಂದು ಸ್ಪೀಡಿಂಗ್ ಟಿಕೆಟ್ ಕೂಡ ಇಲ್ಲ, ಆದರೂ ಮುಖ ಬಿಸಿಯಾಯಿತು. ಕಾರಿನಲ್ಲಿ ಕೂತು ಒಂದಷ್ಟು ಹೊತ್ತು ಸ್ಟಾರ್ಟೇ ಮಾಡಲಿಲ್ಲ. ಇದು ನನ್ನ ಸಿಟಿಜನ್‌ಶಿಪ್ಪಿಗೆ ತೊಂದರೆ ಆಗುತ್ತಾ ಅಂತ ತಲೆಯಲ್ಲಿ ಓಡಲು ಶುರುವಾಯಿತು.

ಹೆದರಬೇಕಾಗಿಲ್ಲ ಅಂತ ಈಗ ಹೇಳಬಲ್ಲೆ. ಅಮೆರಿಕದ ಪ್ರಜೆ ಅಲ್ಲದವರು ಫಾರ್ಮ್ ತುಂಬಿದರೆ ಅವರ ವಲಸೆ ಸ್ಥಿತಿಯನ್ನೂ ಬೇರೆ ಇಲಾಖೆಯಿಂದ ಕೇಳಿ ತಿಳಿದುಕೊಳ್ಳುತ್ತಾರೆ. ಅದಕ್ಕೇ ನಮ್ಮದು ತಡ. ಡಿಲೇಡ್ ಅಂದರೆ ಇನ್ನೂ ನೋಡುತ್ತಿದ್ದೇವೆ ಅಂತ ಮಾತ್ರ. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಡೀಲರ್ ಕೊಡಬಹುದು ಅಂತ ಕಾನೂನು ಹೇಳುತ್ತದೆ. ಕೊಡಬಹುದು, ಕೊಡಲೇಬೇಕು ಅಂತ ಅಲ್ಲ. ನನ್ನ ಡೀಲರ್ "ಪ್ರೊಸೀಡ್ ಬರುವ ತನಕ ನಾನು ಕೊಡೋದಿಲ್ಲ" ಅಂದರು. ಸಿಟ್ಟು ಬಂತು, ಆದರೆ ಅವರ ಅಂಗಡಿ, ಅವರ ಲೈಸೆನ್ಸು. ಇದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ನಿಕ್ಸ್ ಪರೀಕ್ಷೆ 30 ದಿನದ ತನಕ ಮಾತ್ರ ನಡೆಯುತ್ತದೆ, ಅದು ದಾಟಿದರೆ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಹೀಗೆ ತಡವಾಗುವವರು ಎಫ್‌ಬಿಐಗೆ ಅರ್ಜಿ ಹಾಕಿ ಯುಪಿನ್ ಅನ್ನುವ ನಂಬರ್ ಪಡೆಯಬಹುದು, ಮುಂದಿನ ಸಲ ಫಾರ್ಮಿನಲ್ಲಿ ಅದನ್ನು ಬರೆದರೆ ಸಾಕು. ನಾನು ಹಾಕಬೇಕು ಅಂತಿದ್ದೇನೆ.

ಆ ದಿನಗಳಲ್ಲಿ ಅಪ್ಪಯ್ಯನ ಫೋನು. "ಬಂತಾ ಕೋವಿ?" "ಇಲ್ಲ, ವೆರಿಫಿಕೇಶನ್ ನಡೀತಿದೆ." "ಹಾಂ, ಅದನ್ನೇ ನಾನು ಹೇಳಿದ್ದು" ಅಂತ ನಕ್ಕರು. ಪೊಲೀಸ್ ಎನ್‌ಕ್ವೈರಿಗೆ ಯಾರಾದರೂ ಮನೆಗೆ ಬಂದರೆ ಕಾಫಿ ಕೊಡು ಅಂತ ಬೇರೆ ಹೇಳಿದರು. ಅವರಿಗೆ 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ನವೀಕರಣ ಮೂರು ವರ್ಷದಿಂದ ಐದು ವರ್ಷಕ್ಕೆ ಹೋಗಿದ್ದೇ ದೊಡ್ಡ ನೆಮ್ಮದಿ. ಹಾಗೇ ಒಬ್ಬರ ಹತ್ತಿರ ಇರಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದಿದೆ ಅಂತ ಗೊಣಗುತ್ತಾರೆ, ಅವರ ಹತ್ತಿರ ಇರುವುದು ಒಂದೇ ಆದರೂ.

ಒಂದು ದಿನ ಮಧ್ಯಾಹ್ನ ಮೀಟಿಂಗ್ ನಡುವೆ ಡೀಲರ್ ಮೆಸೇಜ್ ಬಂತು, ಪ್ರೊಸೀಡ್ ಆಗಿದೆ, ಬನ್ನಿ ಅಂತ. ಮೀಟಿಂಗ್ ಮುಗಿಯುವುದನ್ನು ಹೇಗೆ ಕಾದೆನೋ. ಅಂಗಡಿಗೆ ಹೋದರೆ ಅದೇ ಫಾರ್ಮಿಗೆ ಇನ್ನೊಂದು ಸಹಿ, ದಿನಾಂಕ, ಆಯಿತು. ಫಾರ್ಮು ಡೀಲರ್ ಹತ್ತಿರವೇ ಇರುತ್ತದೆ. ನಮಗೆ ಒಂದು ರಸೀದಿ ಮಾತ್ರ. ಊರಿನ ಹಾಗೆ ಪುಸ್ತಕ, ಫೋಟೋ, ಸೀಲು ಏನೂ ಇಲ್ಲ. ರಸೀದಿ ಜೋಪಾನ ಮಾಡಿ, ಕೋವಿಯ ಚಿತ್ರ, ನಂಬರಿನ ಚಿತ್ರ ತೆಗೆದು ಬೇರೆ ಕಡೆ ಇಡಿ. ಕಳವಾದರೆ ಪೊಲೀಸರಿಗೂ ವಿಮೆಯವರಿಗೂ ಅದೇ ಆಧಾರ. ಮನೆಯ ವಿಮೆಯಲ್ಲಿ ಕೋವಿ ಕಳವಿಗೆ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ, ಪಾಲಿಸಿ ತೆಗೆದು ಓದಿ.

ಮನೆಗೆ ತರುವ ಮುಂಚೆ ಗನ್‌ಸ್ಮಿತ್ ಹತ್ತಿರ ಒಯ್ದೆ. 50 ಡಾಲರ್. ಬೋಲ್ಟ್ ಬಿಗಿ ಸರಿ ಇದೆಯಾ, ತೋಟಾ ಕೂರುವ ಕೋಣೆಯ ಅಳತೆ, ನಳಿಗೆಯಲ್ಲಿ ಉಬ್ಬು ತಗ್ಗು ಇದೆಯಾ ಎಲ್ಲಾ ನೋಡಿದರು. ಬಿಚ್ಚುವ ಜಾಗದಲ್ಲಿ ಸ್ವಲ್ಪ ಅಲುಗಾಟ ಇತ್ತು. ಇದಕ್ಕೆ ಹೆದರಬೇಡಿ, ಸವೆದಾಗ ಬಿಗಿ ಮಾಡಿಕೊಳ್ಳಲಿಕ್ಕೆ ಅಂತಲೇ ಒಂದು ಹಲ್ಲಿನ ಬಳೆ ಇಟ್ಟಿದ್ದಾರೆ, ಒಂದು ಹಲ್ಲು ಮುಂದೆ ಸರಿಸಿದರು, ಗಟ್ಟಿಯಾಯಿತು. ಒಂದು ಎಚ್ಚರಿಕೆ ಹೇಳಿದರು. ಈ ಕೋವಿಯಲ್ಲಿ ಟ್ರಿಗರ್ ಒತ್ತಿ ಹಿಡಿದುಕೊಂಡೇ ಪಂಪ್ ಮಾಡಿದರೆ, ಮುಂದಿನ ಮರ ಪೂರ್ತಿ ಮುಚ್ಚಿದ ಕೂಡಲೇ ಈಡು ಹಾರುತ್ತದೆ. ಈಗಿನ ಕೋವಿಗಳಲ್ಲಿ ಅದನ್ನು ತಡೆಯುವ ಭಾಗ ಇರುತ್ತದೆ, ಇದರಲ್ಲಿಲ್ಲ. ಹೊಸ ಪಂಪ್ ಕೋವಿ ಹಿಡಿದು ಅಭ್ಯಾಸ ಆದವರು ಬೆರಳನ್ನು ಹೊರಗೆ ಇಡುವುದನ್ನು ಮತ್ತೆ ಕಲಿಯಬೇಕು. ಕ್ಲಬ್ಬಿನಲ್ಲಿ ಒಂದೊಂದೇ ತೋಟಾ ತುಂಬುವುದರಿಂದ ಅಷ್ಟು ಭಯವಿಲ್ಲ.

ಬಾತುಕೋಳಿ ಬೇಟೆಗೆ ಬಳಸುವ ಆಲೋಚನೆ ಇರುವವರಿಗೆ: 1991ರಿಂದ ಇಡೀ ದೇಶದಲ್ಲಿ ಅದಕ್ಕೆ ಸೀಸದ ಚರೆ ನಿಷೇಧ. ಉಕ್ಕಿನ ಚರೆ ಈ ಹಳೇ ಫುಲ್ ಚೋಕಿಗೆ ಒಳ್ಳೆಯದಲ್ಲ, ತುದಿ ಉಬ್ಬುತ್ತದೆ. ಬಿಸ್ಮತ್ ಚರೆ ಹಾಕಬಹುದು, ಆದರೆ ಬೆಲೆ ಕೇಳಿದರೆ ಬಾತುಕೋಳಿಯನ್ನು ಅಂಗಡಿಯಲ್ಲೇ ಕೊಳ್ಳೋಣ ಅನ್ನಿಸುತ್ತದೆ. ಊರಿಗೆ ತೆಗೆದುಕೊಂಡು ಹೋಗುತ್ತೇನೆ ಅನ್ನುವವರು ಅದನ್ನು ಪಕ್ಕಕ್ಕಿಡಿ, ಇಲ್ಲಿಂದ ಹೊರಗೆ ಕಳಿಸಲು ಒಂದು ಅನುಮತಿ, ಅಲ್ಲಿ ಒಳಗೆ ತರಲು ಇನ್ನೊಂದು.

ಖರ್ಚು ಕೂಡಿಸಿದೆ. ಕೋವಿಗೆ 460, ಕಳಿಸಲು 45, ಡೀಲರಿಗೆ 30, ಗನ್‌ಸ್ಮಿತ್ತಿಗೆ 50, ತೆರಿಗೆ ಸೇರಿ 620 ಡಾಲರಿನ ಹತ್ತಿರ. ಇದರ ಮೇಲೆ ಬೀಗದ ಕಬ್ಬಿಣದ ಪೆಟ್ಟಿಗೆಗೆ 280. ಮನೆಯಲ್ಲಿ ಮಕ್ಕಳಿದ್ದಾರೆ, ಪೆಟ್ಟಿಗೆ ಬಂದು ಗೋಡೆಗೆ ಬೋಲ್ಟ್ ಆಗುವ ತನಕ ಕೋವಿ ಒಳಗೆ ಬರುವಂತಿಲ್ಲ ಅಂತ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು. ತೋಟಾಗಳಿಗೆ ಬೇರೆ ಬೀಗ, ಬೇರೆ ಕೋಣೆ.

ಮೊನ್ನೆ ಸುಮ್ನೆ ಕುತೂಹಲಕ್ಕೆ ಒಂದು ದೊಡ್ಡ ಅಂಗಡಿಯಲ್ಲಿ ಇದನ್ನು ಮಾರಿದರೆ ಎಷ್ಟು ಕೊಡುತ್ತೀರಿ ಅಂತ ಕೇಳಿದೆ. 275 ಅಂದರು. ಅವರು ಅದನ್ನು 550ಕ್ಕೆ ಮಾರಬೇಕಲ್ಲ. ಅದೇ ಸಂಜೆ ಕ್ಲಬ್ಬಿನಲ್ಲಿ ಒಬ್ಬರು ಎರಡು ನಂಬರನ್ನೂ ನೋಡಿ, ಮರ ಅಳೆದು, 600 ಕೊಡ್ತೀನಿ ಕೊಡ್ತೀಯಾ ಅಂದರು. ಕೊಡಲಿಲ್ಲ. ಆ ದಿನ ನಾನು 25ರಲ್ಲಿ 17 ಹೊಡೆದಿದ್ದೆ.